ಕೊಕ್ಕರೆಗಲ್ಲಿನ ಹೊತ್ತು

ಓಲ್ಡ್ ಟೌನ್, ಭದ್ರಾವತಿ
9 ಅಕ್ಟೋಬರ್ 2023

ಶಂಕರನಾರಾಯಣ ಸರ್ ಅವರಿಗೆ ನಮಸ್ಕಾರಗಳು.

ಚಿಕ್ಕವಳಿದ್ದಾಗ ನಿಮ್ಮನ್ನು ಮಾಮ ಎನ್ನುತ್ತಿದ್ದೆ. ಈಗ ಆ ಪದ ಬರೆಯಲು ಕೈ ಬರುತ್ತಿಲ್ಲ. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೇ ರಿಜಿಸ್ಟರ್ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳಿಗೆ ಇಷ್ಟಾದರೂ ಅನುಕೂಲ ಇರಬೇಡವೇ? ನೀವು ಸಹಿ ಹಾಕಿದ ಚೀಟಿ ನನಗೆ ವಾಪಸು ಬರುತ್ತದೆ.

ನಿಮ್ಮ 'ಕೊಕ್ಕರೆಗಲ್ಲಿನ ಇಳಿತ' ಪುಸ್ತಕ ಓದಿದೆ. ಓದಿದೆ ಎನ್ನುವುದಕ್ಕಿಂತ ಗುರುತಿಸಿದೆ ಎನ್ನಬೇಕು. ನನ್ನಪ್ಪ ಸುಬ್ಬಪ್ಪ ಕಾಗದದ ಮಿಲ್ಲಿನಲ್ಲಿ ಪಲ್ಪ್ ಕುದಿಸುವ ಕಡೆ ದುಡಿದವರು. ಒಮ್ಮೆ ಕಾರ್ಮಿಕರ ಪ್ರವಾಸದಲ್ಲಿ ಹೊನ್ನಾವರದ ಆಚೆಯ ಕೊಕ್ಕರೆಗಲ್ಲು ಎಂಬ ಆ ಬಂಡೆ ದ್ವೀಪಕ್ಕೆ ಹೋದಾಗ, ನೀರಿಳಿದ ಹೊಂಡದಲ್ಲಿ ಒಂದು ಅಷ್ಟಪದಿ ಕಂದಿನಿಂದ ಬಿಳಿಗೆ ಬಣ್ಣ ಬದಲಿಸಿದ್ದನ್ನು ಕಂಡರು. ಅಷ್ಟೇ, ಹುಚ್ಚು ಹಿಡಿಯಿತು. ಆಮೇಲೆ ಹನ್ನೊಂದು ವರ್ಷ, ಮಳೆಗಾಲ ಬಿಟ್ಟು, ಹುಣ್ಣಿಮೆ ಅಮಾವಾಸ್ಯೆಗೆ ಹತ್ತಿರದ ವಾರದ ರಜೆಯಲ್ಲೆಲ್ಲ ಬಸ್ಸು ಹತ್ತಿದರು. ಮಿಲ್ಲಿನಲ್ಲಿ ಕತ್ತರಿಸಿ ಉಳಿದ ಕಾಗದವನ್ನು ತಾವೇ ಹೊಲಿದು ನೋಟ್‌ಬುಕ್ ಮಾಡಿ, ಕಂಡದ್ದನ್ನೆಲ್ಲ ತಿಥಿ, ಹೊತ್ತು ಹಾಕಿ ಬರೆದರು. ವರ್ಷಕ್ಕೊಂದು ನೋಟ್‌ಬುಕ್. ಅವರ ತಿಥಿಯ ದಿನ ನೀವು ಬಂದು ಪಾಯಸ ಉಂಡು, "ಹದಿನೈದು ದಿನ ಇಟ್ಕೊಂಡು ಕೊಡ್ತೀನಿ ಕಣಮ್ಮ" ಎಂದು ಹನ್ನೊಂದನ್ನೂ ಬಟ್ಟೆ ಚೀಲಕ್ಕೆ ಹಾಕಿಕೊಂಡು ಹೋದಿರಿ. ಎರಡು ವರ್ಷವಾಯಿತು. ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಏನೆಂದು ಅವತ್ತು ಗೊತ್ತಾಗಲಿಲ್ಲ.

ಸನ್ಯಾಸಿ ಏಡಿಗೆ 'ಕ್ವಾರ್ಟರ್ಸಿನವ' ಎಂದು ಹೆಸರಿಟ್ಟದ್ದು ನೀವಂತೆ. ಮೈ ಬೆಳೆದಂತೆ ಸಣ್ಣ ಚಿಪ್ಪು ಬಿಟ್ಟು ದೊಡ್ಡದಕ್ಕೆ ಹೋಗುವುದು, ಒಬ್ಬ ಖಾಲಿ ಮಾಡುವುದನ್ನೇ ಇನ್ನೊಬ್ಬ ಕಾದು ನಿಲ್ಲುವುದು. ಮಿಲ್ಲಿನ ಕ್ವಾರ್ಟರ್ಸು ಕಾಗದನಗರದಲ್ಲಿ ಒಂದು ಕೋಣೆಯ ಮನೆಯಿಂದ ಎರಡು ಕೋಣೆಯ ಮನೆಗೆ ಆರು ವರ್ಷ ಕಾದವನಿಗೆ ಹೊಳೆಯುವ ಹೆಸರು ಅದು. ನೀವು ಶಿವಮೊಗ್ಗದಲ್ಲಿ ನಿಮ್ಮ ತಂದೆ ಕಟ್ಟಿಸಿದ ಮನೆಯಲ್ಲಿ ಹುಟ್ಟಿ ಅಲ್ಲೇ ಇದ್ದೀರಿ. ನಿಮಗೆ ಯಾವ ಕ್ವಾರ್ಟರ್ಸು ಸರ್?

ಮುಟ್ಟಿದರೆ ಮುದುಡುವ ಕಡಲ ಹೂವಿಗೆ 'ನಾಚಿಕೆ ಹೂ', ನೇರಳೆ ಮಸಿ ಕಾರುವ ಕಡಲ ಮೊಲಕ್ಕೆ 'ಮಸಿಕುಡಿಕೆ', ಬೆನ್ನ ಮೇಲೆ ಎಂಟು ಬಿಲ್ಲೆ ಹೊತ್ತು ಬಂಡೆಗೆ ಅಂಟಿಕೊಂಡ ಹುಳಕ್ಕೆ 'ಎಂಟು ಹೆಂಚಿನವ'. ಎಲ್ಲ ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ ಹೆಸರು. ಅಪ್ಪ ಮಾತ್ರ ಇಡೀ ಪುಸ್ತಕದಲ್ಲಿ ಒಂದೇ ಕಡೆ, ಪುಟ 63ರಲ್ಲಿ ಬರುತ್ತಾರೆ: 'ನನ್ನ ಚೀಲ ಹೊರುತ್ತಿದ್ದ ಮಿಲ್ಲಿನ ಗೆಳೆಯ.' ನಿಮ್ಮ ಚೀಲವೇ? ನೀವು ಆ ಬಂಡೆಗೆ ಹೋದದ್ದು ಒಟ್ಟು ಮೂರು ಸಲ.

ನನಗೆ ಬೇಕಾದ್ದು ಎರಡು. ನೋಟ್‌ಬುಕ್ಕುಗಳು ವಾಪಸು ಬರಬೇಕು. ಪುಸ್ತಕದ ಮೇಲೆ ಸುಬ್ಬಪ್ಪ ಎಂಬ ಹೆಸರು ಬರಬೇಕು. ಅವತ್ತು ನೀವು ಮುಟ್ಟದೆ ಬಿಟ್ಟು ಹೋದದ್ದು ಅಪ್ಪನ ವಾಚು ಒಂದನ್ನೇ. ಅದಕ್ಕೆ ದಿನಾ ಕೀ ಕೊಡುತ್ತೇನೆ, ನಡೆಯುತ್ತಿದೆ.

ಇಂತಿ,
ಸುಬ್ಬಪ್ಪನವರ ಮಗಳು
ಪೂಜಿತಾ


ಶಿವಮೊಗ್ಗ
ವಿಜಯದಶಮಿ, 24 ಅಕ್ಟೋಬರ್ 2023

ಚಿ. ಪೂಜಿತಾಳಿಗೆ ಆಶೀರ್ವಾದಗಳು.

ನಿನ್ನ ಪತ್ರದ ಧಾಟಿ ಕಂಡು ಕೋಪ ಬರಲಿಲ್ಲ, ಮರುಕ ಹುಟ್ಟಿತು. ತಂದೆಯನ್ನು ಕಳೆದುಕೊಂಡ ದುಃಖ ನಿನ್ನಿಂದ ಇದನ್ನು ಬರೆಸಿದೆ ಎಂದುಕೊಳ್ಳುತ್ತೇನೆ. ಸುಬ್ಬಪ್ಪ ಸಜ್ಜನ. ನಿಮ್ಮ ಮನೆಯ ಅಕ್ಕಿರೊಟ್ಟಿಯ ಋಣ ನನ್ನ ಮೇಲಿದೆ. ಆದರೆ ಕಂಡದ್ದನ್ನು ಗೀಚಿಡುವುದು ಬೇರೆ, ಶಾಸ್ತ್ರ ಬೇರೆ. ಕಲ್ಲು ಯಾರ ಹೊಲದ್ದಾದರೂ ಮೂರ್ತಿ ಕೆತ್ತಿದವನದು. ಮೂವತ್ತನಾಲ್ಕು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನಿಗೆ ಏಡಿಯ ಬಗ್ಗೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ನೋಟ್‌ಬುಕ್ಕುಗಳ ವಿಷಯ. ಹೇಳಲು ಸಂಕೋಚವಾಗುತ್ತದೆ, ಅವಕ್ಕೆ ಗೆದ್ದಲು ಹಿಡಿಯಿತು. ಹುಡಿಯನ್ನು ಗುಡಿಸಿ ಹಾಕಬೇಕಾಯಿತು.

ನನ್ನ ಪುಸ್ತಕದ ಜೀವಾಳ ಹೆಸರುಗಳಲ್ಲ, ಶಿಲಾವಿಳಂಬ. ನಾಲ್ಕನೇ ಅಧ್ಯಾಯವನ್ನು ನೀನು ಸರಿಯಾಗಿ ಓದಿಲ್ಲವೆಂದು ತೋರುತ್ತದೆ. ಬಂದರಿನ ಉಬ್ಬರವಿಳಿತದ ಪಟ್ಟಿಯಲ್ಲಿ ಸಂಜೆಯ ಇಳಿತ ಐದು ಗಂಟೆಗೆ ಎಂದಿದ್ದರೆ, ಕೊಕ್ಕರೆಗಲ್ಲಿನಲ್ಲಿ ನೀರು ಪೂರ್ತಿ ಇಳಿಯುವುದು ಐದು ಇಪ್ಪತ್ತೈದಕ್ಕೆ. ಹನ್ನೊಂದು ವರ್ಷವೂ, ಒಂದು ದಿನವೂ ತಪ್ಪದೆ, ಅದೇ ಇಪ್ಪತ್ತೈದು ನಿಮಿಷ. ಬಂಡೆಗಳು ನೀರನ್ನು ಹಿಡಿದಿಟ್ಟು ತಡವಾಗಿ ಬಿಡುತ್ತವೆ. ಇದನ್ನು ಕಂಡುಕೊಂಡವನು ನಾನು. ಈ ವರ್ಷದ ವಿಜ್ಞಾನ ಬರಹದ ಬಹುಮಾನ ಬಂದದ್ದೂ ಇದಕ್ಕೇ. ಇದರಲ್ಲಿ ನಿನ್ನ ಅಪ್ಪನ ಪಾಲು ಎಲ್ಲಿದೆ, ನೀನೇ ಹೇಳು.

ಮನಸ್ಸು ತಿಳಿಯಾಗಿಸಿಕೊ.

ನಿನ್ನ ಹಿತೈಷಿ,
ಡಾ. ಶಂಕರನಾರಾಯಣ


ಓಲ್ಡ್ ಟೌನ್, ಭದ್ರಾವತಿ
6 ನವೆಂಬರ್ 2023

ಪೂಜ್ಯ ಸರ್ ಅವರಿಗೆ,

ನಿಮ್ಮ ಪತ್ರವನ್ನು ಕೌಂಟರಿನಲ್ಲೇ ಕೂತು ಓದಿದೆ. ಇಪ್ಪತ್ತೈದು ನಿಮಿಷದ ವಿಷಯ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಓದಿದೆ. ಪಕ್ಕದ ಕೌಂಟರಿನ ಧರ್ಮೇಂದ್ರ, "ಏನ್ ಮಾರಾಯ್ತಿ, ನಗ್ತಿದ್ದೀಯೋ ಅಳ್ತಿದ್ದೀಯೋ?" ಎಂದು ಕೇಳಿದ. ನನಗೂ ಗೊತ್ತಾಗಲಿಲ್ಲ.

ನನ್ನದು ತಪ್ಪಾಯಿತು ಸರ್. ನಾಲ್ಕನೇ ಅಧ್ಯಾಯವನ್ನು ನಾನು ಅವಸರದಲ್ಲಿ ಓದಿದ್ದೆ. ಅದು ನಿಮ್ಮದೇ. ಅಪ್ಪನಿಗೆ ಅಂಥದ್ದು ಕನಸಿನಲ್ಲೂ ಹೊಳೆಯುತ್ತಿರಲಿಲ್ಲ, ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಒಂದೇ ಕೋರಿಕೆ. ಇಷ್ಟು ಕರಾರುವಾಕ್ಕಾಗಿ ಹೊತ್ತು ಗುರುತಿಸಿದ್ದು ಹೇಗೆ? ಯಾವ ವಾಚು, ಯಾರದು, ಯಾವುದಕ್ಕೆ ಹೊಂದಿಸುತ್ತಿದ್ದಿರಿ? ತಿಳಿದುಕೊಳ್ಳುವ ಆಸೆ. ನಿಮ್ಮ ಕೈಬರಹದಲ್ಲೇ ಬರೆದು ಕಳಿಸಿದರೆ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಇಂತಿ ನಮಸ್ಕಾರಗಳು,
ಪೂಜಿತಾ


ಶಿವಮೊಗ್ಗ
1 ಡಿಸೆಂಬರ್ 2023

ಚಿ. ಪೂಜಿತಾಳಿಗೆ ಆಶೀರ್ವಾದಗಳು.

ತಿಳಿವು ಬಂದದ್ದು ಸಂತೋಷ. ಸುಬ್ಬಪ್ಪನ ಮಗಳಲ್ಲಿ ಈ ವಿನಯ ಇದ್ದೇ ಇರುತ್ತದೆಂದು ನನಗೆ ಗೊತ್ತಿತ್ತು.

ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಬಹುಮಾನ ಕೊಟ್ಟವರೂ ಇದನ್ನು ಕೇಳಲಿಲ್ಲ. ಹನ್ನೊಂದು ವರ್ಷವೂ ಕೊಕ್ಕರೆಗಲ್ಲಿನ ಹೊತ್ತನ್ನು ನಾನೇ, ನನ್ನ ಸ್ವಂತ ಕೈಗಡಿಯಾರದಲ್ಲಿ ನೋಡಿ ಬರೆದುಕೊಂಡೆ. ಪ್ರತಿಸಲವೂ ಹೊರಡುವ ಮೊದಲು ಆಕಾಶವಾಣಿಯ ಸಮಯಕ್ಕೆ ಸೆಕೆಂಡಿನ ಮಟ್ಟಿಗೆ ಹೊಂದಿಸುತ್ತಿದ್ದೆ. ಬೇರೊಬ್ಬರ ಗಡಿಯಾರವನ್ನು ನಾನು ನಂಬಿದವನಲ್ಲ. ಇದನ್ನು ನನ್ನ ಹೇಳಿಕೆಯೆಂದು ಇಟ್ಟುಕೊ.

ಇನ್ನೊಂದು ಸಂಗತಿ. ಫೆಬ್ರವರಿ 25, ಭಾನುವಾರ, ಹುಣ್ಣಿಮೆಯ ಮಾರನೆಯ ಪಾಡ್ಯ. ಅವತ್ತು, ನಿವೃತ್ತಿಯ ನಂತರವೂ ನಾನು ಪಾಠ ಮಾಡುವ ಕಾಲೇಜಿನ ನಲವತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಕೊಕ್ಕರೆಗಲ್ಲಿಗೆ ಹೋಗುತ್ತೇವೆ. ಪತ್ರಿಕೆಯವರೂ ಬರುತ್ತಾರೆ. ಪಟ್ಟಿಯ ಪ್ರಕಾರ ಇಳಿತ ಐದು ಹದಿನೈದಕ್ಕೆ, ನನ್ನ ಪ್ರಕಾರ ಐದು ನಲವತ್ತಕ್ಕೆ. ದ್ವೀಪದ ತುದಿಯ ಬಾಲಬಂಡೆಗೆ ಹೋಗುವ ಇಕ್ಕಟ್ಟಿನ ದಾರಿ ಇಳಿತವಾಗಿ ಒಂದು ಗಂಟೆಯವರೆಗೆ ತೆರೆದಿರುತ್ತದೆ. ಆರೂವರೆಯವರೆಗೆ ಎಲ್ಲರನ್ನೂ ಬಾಲಬಂಡೆಯ ಮೇಲೆ ನಿಲ್ಲಿಸಿ ಶಿಲಾವಿಳಂಬವನ್ನು ಕಣ್ಣಾರೆ ತೋರಿಸುತ್ತೇನೆ. ನೀನೂ ಬಾ. ಮಿಲ್ಲಿನ ಗೆಳೆಯನ ಮಗಳೆಂದು ನಾಲ್ಕು ಜನರ ಮುಂದೆ ಪರಿಚಯ ಮಾಡಿಸುತ್ತೇನೆ.

ನಿನ್ನ ಹಿತೈಷಿ,
ಡಾ. ಶಂಕರನಾರಾಯಣ


ಓಲ್ಡ್ ಟೌನ್, ಭದ್ರಾವತಿ
12 ಫೆಬ್ರವರಿ 2024

ಗುರು ಅಣ್ಣನಿಗೆ ಪೂಜಿತಾಳ ನಮಸ್ಕಾರಗಳು.

ನೀವು ಅಪ್ಪನನ್ನು ಎಷ್ಟು ವರ್ಷ ದೋಣಿಯಲ್ಲಿ ಕೊಕ್ಕರೆಗಲ್ಲಿಗೆ ದಾಟಿಸಿದ್ದೀರಿ. ಇಪ್ಪತ್ತೈದರಂದು ಶಿವಮೊಗ್ಗದ ಪ್ರೊಫೆಸರರ ತಂಡಕ್ಕೂ ನಿಮ್ಮದೇ ಬೋಟು ಗೊತ್ತು ಮಾಡಿದ್ದಾರೆಂದು ಕೇಳಿದೆ. ಫೋನಿನಲ್ಲಿ ಇದನ್ನು ಹೇಳಲು ಧೈರ್ಯ ಬರಲಿಲ್ಲ, ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕಿ.

ಅಪ್ಪನ ವಾಚು ನಿಮಗೆ ನೆನಪಿರಬೇಕು. ನೀವು ಅದನ್ನು ನೋಡಿ, "ಸುಬ್ಬಪ್ಪಣ್ಣ, ನಿನ್ನ ವಾಚು ನಾಳೆಗೇ ಹೋಗಿದೆ" ಎಂದು ಕುಶಾಲು ಮಾಡುತ್ತಿದ್ದಿರಿ. ಕ್ವಾರ್ಟರ್ಸು ಸಿಗುವ ಮೊದಲು ನಾವು ಓಲ್ಡ್ ಟೌನಿನಲ್ಲಿ ಬಾಡಿಗೆಗೆ ಇದ್ದೆವು. ಅಲ್ಲಿಂದ ಮಿಲ್ಲಿನ ಗೇಟಿಗೆ ಸೈಕಲ್ಲಿನಲ್ಲಿ ಇಪ್ಪತ್ತೈದು ನಿಮಿಷ. ಹಾಗಾಗಿ ಅಪ್ಪ ವಾಚನ್ನು ಇಪ್ಪತ್ತೈದು ನಿಮಿಷ ಮುಂದೆ ಇಟ್ಟಿದ್ದರು. ವಾಚಿನಲ್ಲಿ ಆರಾದರೆ ಮನೆ ಬಿಡಬೇಕು, ಸೈರನ್ನಿನ ಆರಕ್ಕೆ ಗೇಟಿನಲ್ಲಿರಬೇಕು. ಮಿಲ್ಲಿನವರ ಎಷ್ಟೋ ಮನೆಗಳಲ್ಲಿ ಹೀಗೆ ಎರಡು ಹೊತ್ತು ಇರುತ್ತಿತ್ತು, ಮನೆಯ ಹೊತ್ತು, ಸೈರನ್ ಹೊತ್ತು. ಕಾಗದನಗರಕ್ಕೆ ಹೋದ ಮೇಲೂ ಅಪ್ಪ ಅದನ್ನು ತಿದ್ದಲಿಲ್ಲ. ಕೊಕ್ಕರೆಗಲ್ಲಿನಲ್ಲಿ ಬರೆದ ಹೊತ್ತೆಲ್ಲ ಆ ವಾಚಿನ ಹೊತ್ತು.

ಪ್ರೊಫೆಸರ್ ಅದನ್ನು ಹಾಗೆಯೇ ನಕಲು ಮಾಡಿದ್ದಾರೆ. ಪಟ್ಟಿಗೂ ಅದಕ್ಕೂ ತಾಳೆಯಾಗದಿದ್ದಾಗ ಬಂಡೆಯೇ ತಡ ಮಾಡುತ್ತದೆ ಎಂದು ಒಂದು ಶಾಸ್ತ್ರ ಕಟ್ಟಿ ಬಹುಮಾನ ತೆಗೆದುಕೊಂಡಿದ್ದಾರೆ. ನಿಮಗೆ ಗೊತ್ತಲ್ಲ, ಅವತ್ತು ಬಾಲಬಂಡೆಯ ದಾರಿ ಆರೂಕಾಲಕ್ಕೇ ಮುಚ್ಚುತ್ತದೆ. ಅವರು ಆರೂವರೆಯವರೆಗೆ ಮಕ್ಕಳನ್ನು ಅಲ್ಲಿ ನಿಲ್ಲಿಸುವವರಿದ್ದಾರೆ.

ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ ಅಣ್ಣ. ಎರಡು ತಿಂಗಳು ನಾನು ಯಾರಿಗೂ ಹೇಳದೆ ಸುಮ್ಮನಿದ್ದೆ. ಬರಲಿ ನೀರು, ಆಗುವುದು ಆಗಲಿ ಎಂದುಕೊಂಡಿದ್ದೆ. ಅಷ್ಟು ಕೆಟ್ಟ ಮನಸ್ಸು ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಮೊನ್ನೆ ನಮ್ಮ ಕೌಂಟರಿಗೆ ಅನುಷಾ ಎಂಬ ಹುಡುಗಿ ಬಂದಿದ್ದಳು, ಅವರ ಕಾಲೇಜಿನವಳೇ. ಸಮುದ್ರ ನೋಡುವುದು ಇದೇ ಮೊದಲ ಸಲವಂತೆ, ಅದಕ್ಕೆಂದೇ ಹೊಸ ಚಪ್ಪಲಿ ತೆಗೆದುಕೊಂಡಿದ್ದಾಳಂತೆ. ಈಜು ಬರುತ್ತದಾ ಎಂದು ಕೇಳಿದೆ. ಬರುವುದಿಲ್ಲ ಎಂದಳು. ಅವಳು ಹೋದ ಮೇಲೆ ಈ ಕಾಗದಕ್ಕೆ ಕೂತೆ.

ಆರು ಗಂಟೆಗೆ ಮಕ್ಕಳನ್ನೆಲ್ಲ ಬೋಟು ಹತ್ತಿಸುವ ನೆಪದಲ್ಲಿ ಈಚೆಗೆ ಕರೆದುಬಿಡಿ. ಪತ್ರಿಕೆಯವರನ್ನೂ ಕರೆಯಿರಿ. ಪ್ರೊಫೆಸರರನ್ನು ಕರೆಯಬೇಡಿ. ಅವರು ಕೂಗುವವರೆಗೆ ಬಿಡಿ. ಸೊಂಟದ ತನಕ ಬರಲಿ ಅಣ್ಣ. ಎದೆಗೆ ಬರುವ ಮೊದಲು ಹಗ್ಗ ಎಸೆಯಿರಿ.

ನಿಮ್ಮ ತಂಗಿ,
ಪೂಜಿತಾ


ಶಿವಮೊಗ್ಗ
2 ಮಾರ್ಚ್ 2024

ಪೂಜಿತಾಳಿಗೆ,

ಆಶೀರ್ವಾದ ಎಂದು ಬರೆಯಲು ಮನಸ್ಸಿಲ್ಲ. ಜ್ವರ ಇನ್ನೂ ಬಿಟ್ಟಿಲ್ಲ. ಬಂಡೆಗೆ ಅಂಟಿದ ಕಲ್ವ ಸಿಂಪಿಯ ಚಿಪ್ಪು ಕೊಯ್ದ ಅಂಗಾಲಿಗೆ ಏಳು ಹೊಲಿಗೆ ಬಿದ್ದಿದೆ.

ನಿನಗೆ ಗೊತ್ತಿತ್ತು. ಬಾಲಬಂಡೆಯ ದಾರಿಯಾಚೆ ಆ ದಡದಲ್ಲಿ ಕೈಕಟ್ಟಿ ನಿಂತಿದ್ದೆಯಲ್ಲ, ಆ ನಿಲುವಿನಲ್ಲೇ ಅರ್ಥವಾಯಿತು. ಅರವತ್ತೆಂಟು ವರ್ಷದವನನ್ನು ನೀರಿನಲ್ಲಿ ನಿಲ್ಲಿಸಿ, ನಿನ್ನ ಅಪ್ಪನ ವಾಚನ್ನು ಎತ್ತಿ ಹಿಡಿದು, "ಮಾಮ, ನಿಮ್ಮ ವಾಚಲ್ಲಿ ಎಷ್ಟು?" ಎಂದು ಕೂಗಿದೆ. ಮೈಕು ಹಿಡಿದು ಇನ್ನೂ ಸಮಯವಿದೆ ಎನ್ನುತ್ತಿದ್ದವನು ನಾನು. ಪುಸ್ತಕದ ಪೆಟ್ಟಿಗೆ ತೇಲಿಹೋಯಿತು. ಆ ದೋಣಿಯವನು ನಾನು ನಾಲ್ಕು ಸಲ ಕರೆದ ಮೇಲೆ ಹಗ್ಗ ಎಸೆದ. ನಾಲ್ಕು ಸಲ. ಅಷ್ಟರಲ್ಲಿ ನನಗೆ ಸಾವು ಕಂಡಿತ್ತು, ಪೂಜಿತಾ. ಅದು ನಿನಗೆ ತಮಾಷೆಯಾಗಿರಬಹುದು.

ಮಾರನೆಯ ದಿನ ಪತ್ರಿಕೆಯಲ್ಲಿ ಏನು ಬಂತೆಂದು ನೀನು ನೋಡಿರುತ್ತೀಯ. ತರಗತಿಯಲ್ಲಿ ಬಾಯಿ ಬಿಡದ ಅನುಷಾ ಎಂಬ ಹುಡುಗಿ ಎಲ್ಲರೆದುರು ಕೇಳಿದಳು, ಹನ್ನೊಂದು ವರ್ಷ ತಾವೇ ನೋಡಿದ್ದರೆ ಇಷ್ಟು ಸಣ್ಣ ವಿಷಯ ತಪ್ಪಿದ್ದು ಹೇಗೆ ಸರ್ ಎಂದು. ಬಹುಮಾನದ ಸಮಿತಿಯವರು ವಿವರಣೆ ಕೇಳಿ ಬರೆದಿದ್ದಾರೆ.

ನೋಟ್‌ಬುಕ್ಕುಗಳನ್ನು ಪಾರ್ಸೆಲ್ ಮಾಡಿದ್ದೇನೆ. ಗೆದ್ದಲಿನ ಮಾತು ಆಗ ಬಾಯಿಗೆ ಬಂದದ್ದು, ಬಿಟ್ಟುಬಿಡು. ಕ್ಷಮಿಸು ಎಂದೂ ಕೇಳುತ್ತೇನೆ. ಎರಡನೆಯ ಮುದ್ರಣದಲ್ಲಿ ಸುಬ್ಬಪ್ಪನ ಹೆಸರು ಕೃತಜ್ಞತೆಯಲ್ಲಿ ಬರುತ್ತದೆ. ಅದಕ್ಕೆ ಬದಲಾಗಿ ನೀನು ಒಂದು ಸಾಲು ಬರೆದು ಸಹಿ ಮಾಡಿ ಕೊಡಬೇಕು. ಹೊತ್ತು ಬರೆದುಕೊಳ್ಳುವ ಕೆಲಸವನ್ನು ಸಹಾಯಕನಾಗಿ ಸುಬ್ಬಪ್ಪ ಮಾಡುತ್ತಿದ್ದ, ಅವನ ವಾಚು ಕೆಟ್ಟಿತ್ತು, ಅದು ನನಗೆ ತಿಳಿದಿರಲಿಲ್ಲ ಎಂದು. ಸತ್ತವನಿಗೆ ಇದರಿಂದ ನಷ್ಟವಿಲ್ಲ. ಬದುಕಿದವನ ಮಾನ ಉಳಿಯುತ್ತದೆ.

ಶಂಕರನಾರಾಯಣ


ಓಲ್ಡ್ ಟೌನ್, ಭದ್ರಾವತಿ
11 ಮಾರ್ಚ್ 2024

ಶಂಕರನಾರಾಯಣ ಅವರಿಗೆ,

ಪಾರ್ಸೆಲ್ ತಲುಪಿತು. ನಾನೇ ಬಿಚ್ಚಿದೆ. ಹನ್ನೊಂದೂ ಇವೆ, ಒಂದಕ್ಕೂ ಗೆದ್ದಲು ಮುಟ್ಟಿಲ್ಲ. ಆ ಹುಳ ನಿಮಗಿಂತ ಮರ್ಯಾದಸ್ಥ.

ಅವತ್ತು ನಾನು ದಡದಲ್ಲಿ ಕೈಕಟ್ಟಿ ನಿಂತು ನಿಮ್ಮನ್ನಷ್ಟೇ ನೋಡುತ್ತಿರಲಿಲ್ಲ. ನಾಲ್ಕೂವರೆಯಿಂದ ಬಂಡೆಗಳ ನಡುವೆ ಓಡಾಡಿದೆ. ಎಂಟು ಹೆಂಚಿನವರು ನೆರಳಿನ ಬಿರುಕಿನಲ್ಲಿ ಅಂಟಿ ಕೂತಿದ್ದರು, ಉಗುರು ಹಾಕಿದರೂ ಏಳಲಿಲ್ಲ. ಒಂದು ಹೊಂಡದಲ್ಲಿ ಅಂಗೈ ಅಗಲದ ಮಸಿಕುಡಿಕೆ ಪಾಚಿ ಮೇಯುತ್ತಿತ್ತು. ಇಬ್ಬರು ಕ್ವಾರ್ಟರ್ಸಿನವರು ಒಂದೇ ಚಿಪ್ಪಿಗೆ ಜಗಳವಾಡುತ್ತಿದ್ದರು. ಎಲ್ಲರೂ ಅಪ್ಪ ಬರೆದಿಟ್ಟ ಜಾಗದಲ್ಲೇ ಇದ್ದಾರೆ. ನೀರಿಳಿದು ಬಿಸಿಲಿಗೆ ಬಿದ್ದ ನಾಚಿಕೆ ಹೂಗಳು ಮಾತ್ರ ಮುದುಡಿ ಹುಣಸೆಹಣ್ಣಿನ ಉಂಡೆಯಂತಾಗಿದ್ದವು. ಆರು ಗಂಟೆಗೆ ಮಕ್ಕಳು ಈಚೆ ಬಂದರು. ನೀವು ಮೈಕಿನಲ್ಲಿ ಬಂಡೆ ನೀರನ್ನು ಹಿಡಿದಿಟ್ಟಿದೆ ಎನ್ನುತ್ತಿದ್ದಿರಿ. ಅದೇ ಹೊತ್ತಿಗೆ ನಿಮ್ಮ ಕಾಲಿನ ಹತ್ತಿರದ ಉಂಡೆಗಳು ಒಂದೊಂದಾಗಿ ಬಾಯಿ ಬಿಟ್ಟು ಎಸಳು ಚಾಚಿದವು, ನೀರು ಅವುಗಳನ್ನು ಮುಟ್ಟಿತ್ತು. ನಾಲ್ಕನೇ ನೋಟ್‌ಬುಕ್ಕಿನಲ್ಲಿ ಅಪ್ಪ ಬರೆದಿದ್ದಾರೆ: 'ಬಾಲದ ನಾಚಿಕೆ ಹೂ ಬಾಯಿ ಬಿಟ್ಟರೆ ಕೂರಬೇಡ, ಎದ್ದು ಬಾ.' ಶಾಸ್ತ್ರವಲ್ಲವೆಂದು ನೀವು ಆ ಸಾಲನ್ನು ಬಿಟ್ಟಿರಿ. ಅದೊಂದನ್ನು ಕದ್ದಿದ್ದರೂ ನಿಮ್ಮ ಕಾಲು ಉಳಿಯುತ್ತಿತ್ತು.

ತಮಾಷೆಯಾಗಿರಬಹುದು ಎಂದಿದ್ದೀರಿ. ಇಲ್ಲ. ಹಿತವಾಗಿತ್ತು. ನೀವು ಮೊದಲ ಸಲ ಕೂಗಿದಾಗ ಗುರು ಅಣ್ಣ ನನ್ನ ಮುಖ ನೋಡಿದರು, ನಾನು ತಲೆಯಾಡಿಸಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲವೂ ಇಲ್ಲ. ನಾಲ್ಕನೆಯ ಸಲ ನನ್ನನ್ನು ಕೇಳದೆ ಅವರೇ ಹಗ್ಗ ಎಸೆದರು. ಅವರು ಎಸೆಯದಿದ್ದರೆ ನಾನು ಹೇಳುತ್ತಿದ್ದೆನೋ ಇಲ್ಲವೋ, ಆ ಪ್ರಶ್ನೆ ನನ್ನ ಹತ್ತಿರವೇ ಇರಲಿ.

ಈಗ ನಿಮ್ಮ ಒಂದು ಸಾಲಿನ ವಿಷಯ. ಅಪ್ಪನ ವಾಚು ಕೆಟ್ಟಿರಲಿಲ್ಲ. ಅವರು ಯಾರಿಗೂ ಮೋಸವನ್ನೂ ಮಾಡಿರಲಿಲ್ಲ.

ಹನ್ನೊಂದು ನೋಟ್‌ಬುಕ್ಕಿನಲ್ಲೂ ಮೊದಲ ಹಾಳೆ ಇಲ್ಲ. ಸ್ಕೇಲು ಇಟ್ಟು ನೀಟಾಗಿ ಹರಿದಿದ್ದೀರಿ, ಹೊಲಿಗೆಯ ಹತ್ತಿರ ಅಂಚು ಉಳಿದಿದೆ. ಯಾಕೆ ಹರಿದಿರೆಂದು ನನಗೆ ಗೊತ್ತು. ಅಲ್ಲಿ ಅವರ ಹೆಸರಿತ್ತು. ಹೆಸರು ಕಂಡ ಕೂಡಲೇ ಹರಿದಿದ್ದೀರಿ, ಅದರ ಕೆಳಗಿನದನ್ನು ಓದುವಷ್ಟು ತಾಳ್ಮೆಯೂ ನಿಮಗಿರಲಿಲ್ಲ. ನನಗೆ ಓದಬೇಕಾಗಿಲ್ಲ, ಆ ಹಾಳೆಗಳನ್ನು ಬರೆದವಳು ನಾನು. ಮೊದಲನೆಯದನ್ನು ಬರೆದಾಗ ನನಗೆ ಒಂಬತ್ತು ವರ್ಷ. ನನ್ನ ಅಕ್ಷರ ದುಂಡಗಿದೆ ಎಂದು ಅಪ್ಪ ಪ್ರತಿ ವರ್ಷ ಅಡುಗೆಮನೆಯಲ್ಲಿ ಕೂರಿಸಿಕೊಂಡು ಅದನ್ನೇ ಹೇಳಿ ಬರೆಸುತ್ತಿದ್ದರು. ಎರಡೇ ಸಾಲು.

'ಇದು ಸುಬ್ಬಪ್ಪನ ಪುಸ್ತಕ, ಕಾಗದನಗರ, ಭದ್ರಾವತಿ.

ಇದರಲ್ಲಿರುವ ಹೊತ್ತು ನನ್ನ ವಾಚಿನದು, ಸರಿಯಾದ ಹೊತ್ತು ಬೇಕಾದವರು ಇಪ್ಪತ್ತೈದು ನಿಮಿಷ ಕಳೆಯಬೇಕು.'

ಮಾಡಿದ್ದುಣ್ಣೋ ಮಹರಾಯ ಎಂದು ಅಮ್ಮ ಹೇಳುತ್ತಿದ್ದಳು. ಅವರ ಹೆಸರನ್ನು ಹರಿಯದಿದ್ದರೆ ನೀವು ಮುಳುಗುತ್ತಿರಲಿಲ್ಲ.

ಕ್ಷಮೆ ಕೇಳಿದ್ದೀರಿ. ಕೊಡುವುದಿಲ್ಲ. ಕೃತಜ್ಞತೆಯ ಪುಟವೂ ಬೇಡ. ಬಹುಮಾನದ ಸಮಿತಿಗೂ ಆ ಪತ್ರಿಕೆಗೂ ನೀವು ನಿಮ್ಮ ಕೈಯಾರೆ ಬರೆಯಬೇಕು: ಈ ಪುಸ್ತಕ ಭದ್ರಾವತಿಯ ಸುಬ್ಬಪ್ಪನವರದು, ಮೊದಲ ಹಾಳೆ ಹರಿದವನು ನಾನು. ಬರೆದದ್ದನ್ನು ಬೇರೆಲ್ಲೂ ಹಾಕಬೇಡಿ. ಭದ್ರಾವತಿಗೆ ಬಂದು, ಸಾಲಿನಲ್ಲಿ ನಿಂತು, ನನ್ನ ಕೌಂಟರಿನಲ್ಲೇ ರಿಜಿಸ್ಟರ್ ಮಾಡಿಸಬೇಕು. ನಿಮ್ಮ ಡಿಸೆಂಬರ್ ಒಂದರ ಪತ್ರ ನನ್ನ ಹತ್ತಿರ ಭದ್ರವಾಗಿದೆ, ನಿಮ್ಮ ಸ್ವಂತ ಗಡಿಯಾರದ್ದು, ಆಕಾಶವಾಣಿಯದ್ದು. ನೀವು ಬರದಿದ್ದರೆ ಸಮಿತಿಗೂ ಪತ್ರಿಕೆಗೂ ಅದು ಹೋಗುತ್ತದೆ, ಹರಿದ ಅಂಚುಗಳ ಹನ್ನೊಂದು ಫೋಟೋ ಜೊತೆಗೆ.

ಮಾರ್ಚ್ 22, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಯವರೆಗೆ ಕಾಯುತ್ತೇನೆ. ಅಪ್ಪನ ವಾಚನ್ನು ಕೌಂಟರಿನ ಮೇಲೆ ಇಟ್ಟಿರುತ್ತೇನೆ. ಅದರಲ್ಲಿ ಮೂರಾದ ಕೂಡಲೇ ಕವರು ಅಂಟಿಸುತ್ತೇನೆ.

ಸುಬ್ಬಪ್ಪನವರ ಮಗಳು
ಪೂಜಿತಾ